ವೆಟರನ್ಸ್ ಹಿಸ್ಟರಿ ಪ್ರಾಜೆಕ್ಟ್: ಹೈಸ್ಕೂಲು ಮಕ್ಕಳಿಗೆ ಒಪ್ಪಿಸಬಹುದಾದ ಹೊಣೆ

ಮಾಜಿ ಸೈನಿಕರಿಗಾಗಿ ಮಕ್ಕಳು ಏನಾದರೂ ಮಾಡಲಿ ಎಂದಾಗ ಅಮೆರಿಕದ ಶಾಲೆಗಳಲ್ಲಿ ಮೊದಲು ಹೊಳೆಯುವುದು ಧನ್ಯವಾದದ ಕಾರ್ಡು. ನವೆಂಬರ್ 11ರ ವೆಟರನ್ಸ್ ಡೇ ಹತ್ತಿರ ಬಂತೆಂದರೆ ಬಣ್ಣದ ಕಾಗದ, ಧ್ವಜದ ಚಿತ್ರ, ಕೆಳಗೆ ಎರಡು ಸಾಲು. ಐದನೇ ತರಗತಿಯ ಮಗುವಿಗೆ ಅದು ತಕ್ಕ ಕೆಲಸ. ಹದಿನಾರರ ಹುಡುಗ ಹುಡುಗಿಯರಿಗೂ ಅದನ್ನೇ ಕೊಟ್ಟರೆ ಒಮ್ಮೆ ಬರೆದು ಮರೆಯುತ್ತಾರೆ, ಮರುವರ್ಷ ಕರೆದರೆ ಬರುವುದಿಲ್ಲ. ಆ ವಯಸ್ಸಿಗೆ ಹೊಣೆಯಿರುವ ಕೆಲಸ ಬೇಕು, ತಾವು ಮಾಡದಿದ್ದರೆ ಏನೋ ಕಳೆದೇ ಹೋಗುತ್ತದೆ ಅನ್ನಿಸುವಂಥದ್ದು. ಅಮೆರಿಕದ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ ನಡೆಸುವ ವೆಟರನ್ಸ್ ಹಿಸ್ಟರಿ ಪ್ರಾಜೆಕ್ಟ್ ಅಂಥ ಕೆಲಸ ಕೊಡುತ್ತದೆ: ಮಾಜಿ ಸೈನಿಕರನ್ನು ಸಂದರ್ಶಿಸಿ ಅವರ ನೆನಪುಗಳನ್ನು ದಾಖಲಿಸುವುದು. ಅಲ್ಲಿರುವ ಮಕ್ಕಳು, ಪೋಷಕರು, ಶಿಕ್ಷಕರು ಇದನ್ನು ಕೈಗೆತ್ತಿಕೊಳ್ಳುವ ಮುಂಚೆ ತಿಳಿದಿರಬೇಕಾದ್ದು ಬಹಳಷ್ಟಿದೆ. ಸೇವೆ ಒಳ್ಳೆಯದು, ಆದರೆ ಅದರ ನಿಯಮಗಳು ಬಿಗಿ. ಸಣ್ಣ ಅಜಾಗರೂಕತೆಗೆ ಇಡೀ ಸಂದರ್ಶನ ವ್ಯರ್ಥವಾಗಬಹುದು.

ಅಮೆರಿಕದ ಸಂಸತ್ತು 2000ದಲ್ಲಿ ಕಾನೂನು ಮಾಡಿ ಇದನ್ನು ಶುರುಮಾಡಿತು. ಲೈಬ್ರರಿಯೊಳಗಿನ ಅಮೆರಿಕನ್ ಫೋಕ್‌ಲೈಫ್ ಸೆಂಟರ್ ನೋಡಿಕೊಳ್ಳುತ್ತದೆ. ಮೊದಲ ಮಹಾಯುದ್ಧದಿಂದ ಈಚಿನ ಸಂಘರ್ಷಗಳವರೆಗೆ ಸೇವೆ ಮಾಡಿದವರ ಮಾತು, ಪತ್ರ, ದಿನಚರಿ, ಫೋಟೋಗಳನ್ನು ಸಂಗ್ರಹಿಸಿಡುವುದು ಉದ್ದೇಶ. ಈಗಾಗಲೇ ಲಕ್ಷಕ್ಕೂ ಹೆಚ್ಚು ಜನರ ಸಂಗ್ರಹ ಅಲ್ಲಿದೆ. ಅದರಲ್ಲಿ ಹೆಚ್ಚಿನದನ್ನು ಕಳಿಸಿಕೊಟ್ಟವರು ಸಂಬಳದ ನೌಕರರಲ್ಲ, ದೇಶದ ಉದ್ದಗಲದ ಸ್ವಯಂಸೇವಕರು. ಹತ್ತನೇ ತರಗತಿ ಮತ್ತು ಮೇಲಿನ ವಿದ್ಯಾರ್ಥಿಗಳು ಸಂದರ್ಶನ ಮಾಡಬಹುದು. ಶುಲ್ಕವಿಲ್ಲ, ತರಬೇತಿಯ ಸರ್ಟಿಫಿಕೇಟು ಬೇಕಿಲ್ಲ. ಜಾಲತಾಣದಲ್ಲಿ ಸಿಗುವ ‘ಫೀಲ್ಡ್ ಕಿಟ್’ ಇಳಿಸಿಕೊಂಡರೆ ಸೂಚನೆ, ಫಾರ್ಮು, ಮಾದರಿ ಪ್ರಶ್ನೆ ಎಲ್ಲವೂ ಅದರಲ್ಲೇ ಇವೆ. ಹಳೆಯ ಪ್ರತಿ ಯಾರದೋ ಕಂಪ್ಯೂಟರಿನಲ್ಲಿದೆ ಎಂದು ಅದನ್ನೇ ಬಳಸಬೇಡಿ. ಫಾರ್ಮುಗಳು ಬದಲಾಗುತ್ತಿರುತ್ತವೆ, ಪ್ರತಿ ಸಲ ಹೊಸದನ್ನೇ ಇಳಿಸಿಕೊಳ್ಳಿ.

ಸರ್ಕಾರದ ಬಳಿ ಸೇನಾ ದಾಖಲೆ ಇರುತ್ತದಲ್ಲ, ಮಕ್ಕಳು ಯಾಕೆ ಕೇಳಿ ಬರೆದುಕೊಳ್ಳಬೇಕು ಎಂಬ ಪ್ರಶ್ನೆ ಸಹಜ. 1973ರ ಜುಲೈ 12ರಂದು ಸೇಂಟ್ ಲೂಯಿಸ್ ಬಳಿಯ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷದಷ್ಟು ಕಡತಗಳು ನಾಶವಾದವು. 1912ರಿಂದ 1960ರ ನಡುವೆ ಭೂಸೇನೆಯಿಂದ ಬಿಡುಗಡೆಯಾದವರ ಕಡತಗಳಲ್ಲಿ ಸುಮಾರು ಶೇಕಡಾ 80 ಹೋದವು. ನಕಲಿರಲಿಲ್ಲ. ಎರಡನೇ ಮಹಾಯುದ್ಧ ಮತ್ತು ಕೊರಿಯಾ ಯುದ್ಧದ ಎಷ್ಟೋ ಮಂದಿಯ ಸೇವೆಯ ವಿವರ ಇಂದು ಅವರ ನೆನಪಿನಲ್ಲಿ, ಮನೆಯ ಪೆಟ್ಟಿಗೆಯ ಕಾಗದಗಳಲ್ಲಿ ಮಾತ್ರ ಉಳಿದಿದೆ. ಕೊರಿಯಾದಲ್ಲಿ ಹೋರಾಡಿದವರಿಗೆ ಈಗ ತೊಂಬತ್ತು ದಾಟಿದೆ, ವಿಯೆಟ್ನಾಂಗೆ ಹೋದವರಲ್ಲಿ ತೀರ ಕಿರಿಯರೂ ಎಪ್ಪತ್ತರ ಆಸುಪಾಸಿನಲ್ಲಿದ್ದಾರೆ. ಇದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿ. ಕೆಲಸದ ತೂಕ ಅವರಿಗೆ ತಾನಾಗಿ ತಿಳಿಯುತ್ತದೆ.

ಲೈಬ್ರರಿ ಒಪ್ಪಿಕೊಳ್ಳುವುದು ಏನನ್ನು? ಸಂದರ್ಶನವಾದರೆ ಕನಿಷ್ಠ 30 ನಿಮಿಷ, ಆಡಿಯೋ ಅಥವಾ ವಿಡಿಯೋ, ಕತ್ತರಿ ಹಾಕದೆ ಇದ್ದದ್ದು ಇದ್ದ ಹಾಗೆ. ಮಕ್ಕಳು ಹೆಚ್ಚಾಗಿ ಎಡವುವುದು ಇಲ್ಲೇ. ಫೋನಿನಲ್ಲಿ ವಿಡಿಯೋ ಮಾಡಿ ರೂಢಿಯಿರುವವರು ಆರಂಭಕ್ಕೊಂದು ಶೀರ್ಷಿಕೆ, ಹಿನ್ನೆಲೆಗೆ ಸಂಗೀತ ಸೇರಿಸಿ, ತಡವರಿಸಿದ ಜಾಗವನ್ನೆಲ್ಲ ತೆಗೆದು ಚೊಕ್ಕ ಮಾಡಿಬಿಡುತ್ತಾರೆ. ಶಾಲೆಯ ಸಭೆಗೆ ಅಂಥದ್ದೊಂದು ಪ್ರತ್ಯೇಕವಾಗಿ ಮಾಡಿಕೊಳ್ಳಲಿ. ಲೈಬ್ರರಿಗೆ ಹೋಗಬೇಕಾದ್ದು ಮೂಲ ಪ್ರತಿ. ಇಪ್ಪತ್ತೆರಡು ನಿಮಿಷದ ಸೊಗಸಾದ ಚಿತ್ರಕ್ಕಿಂತ ನಲವತ್ತು ನಿಮಿಷದ ಒರಟು ರೆಕಾರ್ಡಿಂಗಿಗೆ ಅಲ್ಲಿ ಬೆಲೆ. ಸಂದರ್ಶನ ಇಲ್ಲದಿದ್ದರೆ ಕನಿಷ್ಠ 10 ಮೂಲ ಫೋಟೋ ಅಥವಾ ಪತ್ರ, ಇಲ್ಲವೇ ಸೈನಿಕರೇ ಬರೆದ 20 ಪುಟಕ್ಕೆ ಕಡಿಮೆಯಿಲ್ಲದ ದಿನಚರಿ ಅಥವಾ ಆತ್ಮಕಥನವೂ ಆಗುತ್ತದೆ. ಪದಕ, ಸಮವಸ್ತ್ರ, ಟೋಪಿಗಳನ್ನು ತೆಗೆದುಕೊಳ್ಳುವುದಿಲ್ಲ. ತಾತನ ಬಗ್ಗೆ ಮೊಮ್ಮಗಳು ಬರೆದ ಪ್ರಬಂಧವೂ ನಡೆಯದು, ಎಲ್ಲವೂ ಅನುಭವಿಸಿದವರ ಬಾಯಿಂದ ಅಥವಾ ಕೈಯಿಂದಲೇ ಬಂದಿರಬೇಕು.

ಯುದ್ಧ ಮಾಡಿದವರೇ ಆಗಬೇಕೆಂದಿಲ್ಲ. ಅಡುಗೆಮನೆಯಲ್ಲಿದ್ದವರು, ಗುಮಾಸ್ತರು, ನರ್ಸುಗಳು, ಟ್ರಕ್ ಓಡಿಸಿದವರು ಎಲ್ಲರೂ ಸೇರುತ್ತಾರೆ. ಆದರೆ ಕೇಳಲು ಹೋದರೆ “ನಾನೇನು ಮಹಾ ಮಾಡಿದ್ದೇನೆ, ಬೇರೆಯವರನ್ನು ಕೇಳಿ” ಎಂದುಬಿಡುತ್ತಾರೆ. ಮಹಿಳೆಯರು ಇನ್ನೂ ಹಿಂಜರಿಯುತ್ತಾರೆ. “ನೀವು ಮಾಜಿ ಸೈನಿಕರಾ?” ಎಂದು ಕೇಳುವ ಬದಲು “ನೀವು ಸೇನೆಯಲ್ಲಿ ಕೆಲಸ ಮಾಡಿದ್ದಿರಾ?” ಎಂದು ಕೇಳಿದರೆ ಉತ್ತರ ಬೇರೆಯೇ ಬರುತ್ತದೆ. ಅಮೆರಿಕನ್ ಲೀಜನ್, ವಿಎಫ್‌ಡಬ್ಲ್ಯೂ ಎಂಬ ಮಾಜಿ ಸೈನಿಕರ ಸಂಘಗಳ ಸ್ಥಳೀಯ ಶಾಖೆಗಳಲ್ಲಿ, ಹಿರಿಯರ ವಸತಿಗಳಲ್ಲಿ, ಊರಿನ ಗ್ರಂಥಾಲಯದಲ್ಲಿ ವಿಚಾರಿಸಿದರೆ ಜನ ಸಿಗುತ್ತಾರೆ.

ಒಬ್ಬರ ಸಂದರ್ಶನಕ್ಕೆ ಮೂವರು ಮಕ್ಕಳ ತಂಡ ಸಾಕು. ಒಬ್ಬರು ಪ್ರಶ್ನೆಗೆ, ಒಬ್ಬರು ಕ್ಯಾಮೆರಾಗೆ, ಒಬ್ಬರು ಟಿಪ್ಪಣಿಗೆ. ಪ್ರಶ್ನೆ ಕೇಳುವವರು ಒಬ್ಬರೇ ಇರಬೇಕು. ಮೂರು ಕಡೆಯಿಂದ ಪ್ರಶ್ನೆ ಬಂದರೆ ತೊಂಬತ್ತರ ಹಿರಿಯರಿಗೆ ಯಾರ ಮುಖ ನೋಡಿ ಮಾತಾಡಬೇಕೆಂದು ತಿಳಿಯದೆ ಮಾತು ತುಂಡಾಗುತ್ತದೆ. ಸಂದರ್ಶನಕ್ಕೆ ಒಂದು ವಾರ ಮೊದಲು ಫೋನಿನಲ್ಲಾಗಲಿ ಮನೆಗೆ ಹೋಗಿಯಾಗಲಿ ಅರ್ಧ ಗಂಟೆ ಮಾತಾಡಿ ವೈಯಕ್ತಿಕ ವಿವರದ ಫಾರ್ಮನ್ನು ತುಂಬಿಸಿಕೊಳ್ಳಿ. ಯಾವ ಪಡೆ, ಯಾವ ದಳ, ಯಾವ ವರ್ಷದಿಂದ ಯಾವ ವರ್ಷ, ಎಲ್ಲೆಲ್ಲಿ, ಯಾವ ದರ್ಜೆ ಎಂಬುದೆಲ್ಲ ಅದರಲ್ಲಿ ಬರುತ್ತದೆ, ಅದೇ ಪ್ರಶ್ನೆಗಳಿಗೆ ದಾರಿಯೂ ಆಗುತ್ತದೆ. ಆದರೆ ಕಥೆಯನ್ನು ಆಗಲೇ ಕೇಳಿಬಿಡಬೇಡಿ. ಮೊದಲ ಸಲ ಹೇಳುವಾಗಿನ ಕಾವು ಎರಡನೇ ಸಲಕ್ಕೆ ಇರುವುದಿಲ್ಲ. “ಅದನ್ನು ಕ್ಯಾಮೆರಾ ಮುಂದೆಯೇ ಹೇಳಿ ಸರ್” ಎಂದು ವಿನಯದಿಂದ ತಡೆಯಿರಿ. ವಿವರ ನೆನಪಿಲ್ಲದವರು ಬಿಡುಗಡೆ ಪತ್ರವಾದ ಡಿಡಿ-214 ನೋಡಿ ಹೇಳಬಹುದು. ಆ ಪತ್ರದ ಪ್ರತಿಯನ್ನು ಮಾತ್ರ ಲೈಬ್ರರಿಗೆ ಕಳಿಸುವ ಲಕೋಟೆಗೆ ಸೇರಿಸಬೇಡಿ, ಹಲವು ಹಳೆಯ ಪತ್ರಗಳಲ್ಲಿ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ, ಅಂದರೆ ಗುಟ್ಟಾಗಿಡಬೇಕಾದ ಸರ್ಕಾರಿ ಗುರುತಿನ ಸಂಖ್ಯೆ ಇರುತ್ತದೆ.

ಬೆಳಗಿನ ಹೊತ್ತು ಒಳ್ಳೆಯದು, ಊಟದ ನಂತರ ಹಿರಿಯರು ದಣಿಯುತ್ತಾರೆ. ಚೆನ್ನಾಗಿ ಕೇಳುವ ಕಿವಿ ಯಾವುದೆಂದು ಮೊದಲೇ ತಿಳಿದುಕೊಂಡು ಪ್ರಶ್ನೆ ಕೇಳುವವರು ಆ ಬದಿಗೆ ಕೂರಬೇಕು. ಕಿಟಕಿ ಬೆನ್ನಿಗಿದ್ದರೆ ಮುಖ ಕಪ್ಪಾಗುತ್ತದೆ, ಎದುರಿಗೋ ಪಕ್ಕಕ್ಕೋ ಇರಲಿ. ಕಿರುಗುಟ್ಟುವ ಅಥವಾ ತೂಗುವ ಕುರ್ಚಿ ಬೇಡ. ಫ್ಯಾನು, ಎಸಿ, ಟಿಕ್ ಟಿಕ್ ಗಡಿಯಾರ, ಪಕ್ಕದ ಕೋಣೆಯ ಟಿವಿ ಎಲ್ಲವೂ ನಿಲ್ಲಲಿ. ಫ್ರಿಜ್ಜಿನ ಗುಂಯ್ ಶಬ್ದ ನಮ್ಮ ಕಿವಿಗೆ ಬೀಳುವುದಿಲ್ಲ, ಮೈಕಿಗೆ ಬೀಳುತ್ತದೆ. ಆದ್ದರಿಂದ ಅಡುಗೆಮನೆಯ ಮೇಜು ಬೇಡ, ಕಾರ್ಪೆಟ್ ಪರದೆಗಳಿರುವ ಕೋಣೆ ಲೇಸು.

ಫೋನಿನಲ್ಲೇ ಮಾಡಿದರೂ ಸಾಕು, ಟ್ರೈಪಾಡ್ ಇರಲಿ, ಫೋನನ್ನು ಅಡ್ಡಡ್ಡ ಇಡಿ, ಏರ್‌ಪ್ಲೇನ್ ಮೋಡ್ ಹಾಕಿ. ನಡುವೆ ಕರೆ ಬಂದು ರೆಕಾರ್ಡಿಂಗ್ ತುಂಡಾದರೆ ಅದನ್ನು ಮತ್ತೆ ಕೂಡಿಸಲಾಗದು. 1080 ಗುಣಮಟ್ಟದ ವಿಡಿಯೋ ಗಂಟೆಗೆ 4ರಿಂದ 8 ಜಿಬಿ ತಿನ್ನುತ್ತದೆ, ಕನಿಷ್ಠ 20 ಜಿಬಿ ಖಾಲಿ ಇಟ್ಟುಕೊಳ್ಳಿ. ಚಾರ್ಜರ್ ಚುಚ್ಚಿಯೇ ಇರಲಿ. ಅಂಗಿಗೆ ಸಿಕ್ಕಿಸುವ ಸಣ್ಣ ಮೈಕು ಗದ್ದದಿಂದ ಒಂದು ಗೇಣು ಕೆಳಗಿದ್ದರೆ ಧ್ವನಿ ಸ್ವಚ್ಛವಾಗಿ ಬರುತ್ತದೆ. ಕ್ಯಾಮೆರಾ ಕೊಳ್ಳಲು ದುಡ್ಡು ಸುರಿಯುವ ಬದಲು ಮೈಕಿಗೆ ಹಾಕಿ. ಚಿತ್ರ ಮಸುಕಾದರೂ ಸಂದರ್ಶನ ಉಳಿಯುತ್ತದೆ, ಮಾತು ಕೇಳಿಸದಿದ್ದರೆ ಏನೂ ಉಳಿಯುವುದಿಲ್ಲ. ಇನ್ನೊಂದು ಫೋನಿನಲ್ಲಿ ಬರೀ ಆಡಿಯೋ ಓಡುತ್ತಿರಲಿ. ಒಂದು ನಿಮಿಷ ರೆಕಾರ್ಡ್ ಮಾಡಿ ಹೆಡ್‌ಫೋನಿನಲ್ಲಿ ಕೇಳಿನೋಡಿದ ಮೇಲೆಯೇ ಶುರುಮಾಡಿ.

ಶುರುವಿನಲ್ಲಿ ದಿನಾಂಕ, ಜಾಗ, ಸಂದರ್ಶಕರ ಹೆಸರು, ಸೈನಿಕರ ಹೆಸರು, ಅವರ ಪಡೆ, ಯುದ್ಧ, ದರ್ಜೆ ಇಷ್ಟನ್ನು ಸ್ಪಷ್ಟವಾಗಿ ಹೇಳಬೇಕು. ಆಮೇಲಿನ ಪ್ರಶ್ನೆಗಳಿಗೆ ಕಾಲಕ್ರಮವೇ ಆಸರೆ. ಸೇರುವ ಮುಂಚಿನ ಮನೆ, ಸೇರಿದ ದಿನ, ತರಬೇತಿಯ ಮೊದಲ ವಾರ, ಹೋದ ಜಾಗ, ಅಲ್ಲಿನ ಊಟ, ಬಂದ ಪತ್ರ, ಗೆಳೆಯರು, ವಾಪಸು ಬಂದ ದಿನ, ಆಮೇಲಿನ ಬದುಕು. ಹೌದು-ಇಲ್ಲ ಎಂದು ಮುಗಿಯುವ ಪ್ರಶ್ನೆ ಬೇಡ. “ಭಯವಾಗಿತ್ತಾ?” ಎಂದರೆ “ಹೌದು” ಎಂದು ನಿಲ್ಲುತ್ತದೆ, “ಆ ರಾತ್ರಿ ಹೇಗಿತ್ತು?” ಎಂದರೆ ಮಾತು ಹರಿಯುತ್ತದೆ. ಎಷ್ಟು ಜನರನ್ನು ಕೊಂದಿರಿ ಎಂದು ಯಾವ ಕಾರಣಕ್ಕೂ ಕೇಳಬಾರದು. ಸಿನಿಮಾ ನೋಡಿ ಬೆಳೆದ ಮಕ್ಕಳಿಗೆ ಇದನ್ನು ಮುಂಚೆಯೇ ಬಿಡಿಸಿ ಹೇಳಬೇಕು.

ಹಿರಿಯರು ಸುಮ್ಮನಾದಾಗ ಕೂಡಲೇ ಮುಂದಿನ ಪ್ರಶ್ನೆಗೆ ಹಾರುವುದು ಎಳೆಯರ ದೊಡ್ಡ ತಪ್ಪು. ಮನಸ್ಸಿನಲ್ಲೇ ಹತ್ತು ಎಣಿಸಿ. ಬಹಳ ಸಲ ಆ ಮೌನದ ಆಚೆಗೇ ಮುಖ್ಯವಾದ ಮಾತಿರುತ್ತದೆ. ಹ್ಞೂಂ ಹ್ಞೂಂ ಎನ್ನುತ್ತಿದ್ದರೆ ಅದೂ ರೆಕಾರ್ಡ್ ಆಗುತ್ತದೆ, ತಲೆಯಾಡಿಸಿದರೆ ಸಾಕು. ಅವರು ವರ್ಷವನ್ನೋ ಊರನ್ನೋ ತಪ್ಪು ಹೇಳಿದರೂ ನಡುವೆ ತಿದ್ದಬೇಡಿ. ಕಣ್ಣೀರು ಬಂದರೆ ನೀರು ಕೊಟ್ಟು “ಸ್ವಲ್ಪ ನಿಲ್ಲಿಸೋಣವೇ?” ಎಂದು ಕೇಳಿ, ನಿರ್ಧಾರ ಅವರದು. ಮುಗಿದ ಕೂಡಲೇ ಸಾಮಾನು ಕಟ್ಟಿಕೊಂಡು ಹೊರಡಬೇಡಿ, ಕಾಲು ಗಂಟೆಯಾದರೂ ಅವರ ಜೊತೆ ಕೂತು ಸಾಧಾರಣ ಮಾತಾಡಿ. ಹಳೆಯದನ್ನು ಕೆದಕಿ ಒಬ್ಬರನ್ನೇ ಬಿಟ್ಟುಬರುವುದು ಸರಿಯಲ್ಲ. ತಂಡದ ಜೊತೆಗಿರುವ ದೊಡ್ಡವರಿಗೆ ಮನಸ್ಸು ಕುಸಿದ ಮಾಜಿ ಸೈನಿಕರಿಗೆ ನೆರವಾಗುವ ವೆಟರನ್ಸ್ ಕ್ರೈಸಿಸ್ ಲೈನ್ ಗೊತ್ತಿರಬೇಕು: 988ಕ್ಕೆ ಕರೆ ಮಾಡಿ 1 ಒತ್ತುವುದು.

ಇನ್ನು ಕಾಗದ. ಒಳ್ಳೆಯ ಸಂದರ್ಶನಗಳು ಸೋಲುವುದು ಇಲ್ಲಿ. ನಾಲ್ಕು ಫಾರ್ಮು ಬೇಕು: ವೈಯಕ್ತಿಕ ವಿವರ, ಸೈನಿಕರ ಒಪ್ಪಿಗೆ, ಸಂದರ್ಶಕರ ಒಪ್ಪಿಗೆ, ರೆಕಾರ್ಡಿಂಗ್ ಲಾಗ್. ಫೋಟೋ ಸೇರಿಸಿದರೆ ಅದಕ್ಕೊಂದು ಪಟ್ಟಿ, ಹಸ್ತಪ್ರತಿಗೆ ಮತ್ತೊಂದು. ಸೈನಿಕರ ಸಹಿಯನ್ನು ಅದೇ ದಿನ, ಅದೇ ಮೇಜಿನ ಮೇಲೆ ಹಾಕಿಸಿಕೊಳ್ಳಿ. ಮುಂದಿನ ವಾರ ಬರುತ್ತೇವೆ ಎಂದು ಎದ್ದರೆ ಆ ವಾರದೊಳಗೆ ಆಸ್ಪತ್ರೆಗೆ ಸೇರಿರಬಹುದು, ತೊಂಬತ್ತರ ವಯಸ್ಸು. ಪ್ರಶ್ನೆ ಕೇಳಿದ ಮಕ್ಕಳು ಹದಿನೆಂಟರೊಳಗಿದ್ದರೆ ಪೋಷಕರ ಸಹಿಯನ್ನೂ ಮರೆಯಬೇಡಿ. ಹಕ್ಕಿನ ಬಗ್ಗೆ ಕುಟುಂಬದವರು ಕೇಳಿಯೇ ಕೇಳುತ್ತಾರೆ. ಕಳಿಸಿದ ವಸ್ತು ಲೈಬ್ರರಿಯದಾಗುತ್ತದೆ, ವಾಪಸು ಬರುವುದಿಲ್ಲ. ಕೃತಿಸ್ವಾಮ್ಯ ಮಾತ್ರ ಸೈನಿಕರಲ್ಲೇ ಉಳಿಯುತ್ತದೆ. ಅಪರೂಪದ ಫೋಟೋಗಳನ್ನು ಕೊಟ್ಟುಬಿಡುವ ಮುಂಚೆ ಮಕ್ಕಳೇ ಮನೆಯವರಿಗೆ ಸ್ಕ್ಯಾನ್ ಮಾಡಿಕೊಡಲಿ, ಅದೂ ಸೇವೆಯೇ.

ಲಾಗ್ ಎಂದರೆ ಎಷ್ಟನೇ ನಿಮಿಷದಲ್ಲಿ ಯಾವ ವಿಷಯ ಬಂತು ಎಂಬ ಪಟ್ಟಿ. ಒಂದು ಗಂಟೆಯ ಸಂದರ್ಶನಕ್ಕೆ ಎರಡು ಮೂರು ಗಂಟೆಯ ಕೆಲಸ. ಬೇಸರವೆಂದು ಹಾರಿಸಿದರೆ ನಾಳೆ ಸಂಶೋಧಕರಿಗೆ ಬೇಕಾದ ತುಣುಕು ಸಿಗುವುದಿಲ್ಲ. ಊರಿನ, ಹಡಗಿನ, ಅಧಿಕಾರಿಗಳ ಹೆಸರಿನ ಕಾಗುಣಿತವನ್ನು ಸಂದರ್ಶನ ಮುಗಿದ ಕೂಡಲೇ ಅವರನ್ನೇ ಕೇಳಿ ಬರೆದುಕೊಳ್ಳಿ.

ಕಳಿಸುವಾಗ ಸರ್ಕಾರಿ ಅಂಚೆ ಬೇಡವೇ ಬೇಡ. 2001ರಲ್ಲಿ ಟಪಾಲಿನಲ್ಲಿ ಆಂಥ್ರಾಕ್ಸ್ ರೋಗಾಣುವಿನ ಪುಡಿ ಬಂದ ಪ್ರಕರಣದ ನಂತರ ವಾಷಿಂಗ್ಟನ್‌ನ ಸರ್ಕಾರಿ ಕಚೇರಿಗಳಿಗೆ ಹೋಗುವ ಟಪಾಲಿಗೆ ವಿಕಿರಣ ಹಾಯಿಸುತ್ತಾರೆ. ಡಿಸ್ಕು, ಪೆನ್‌ಡ್ರೈವ್, ಫೋಟೋ ಎಲ್ಲವೂ ಅದರಲ್ಲಿ ಹಾಳಾಗಬಹುದು. ಫೆಡೆಕ್ಸ್, ಯುಪಿಎಸ್‌ನಂಥ ಖಾಸಗಿ ಕೊರಿಯರ್ ಬಳಸಿ, ಟ್ರ್ಯಾಕಿಂಗ್ ಸಂಖ್ಯೆ ಇಟ್ಟುಕೊಳ್ಳಿ, ಕಳಿಸುವ ಮುಂಚೆ ಎರಡು ಕಡೆ ಪ್ರತಿ ಉಳಿಸಿಕೊಳ್ಳಿ.

ಕೊರತೆಗಳೂ ಇವೆ. ಮೊದಲನೆಯದು ನಿಧಾನ. ಸಂಗ್ರಹ ಪಟ್ಟಿಗೆ ಸೇರಲು ತಿಂಗಳುಗಳೇ ಹಿಡಿಯುತ್ತವೆ. ಎಲ್ಲ ರೆಕಾರ್ಡಿಂಗೂ ಜಾಲತಾಣದಲ್ಲಿ ನೋಡಸಿಗುವುದಿಲ್ಲ, ಹಲವನ್ನು ವಾಷಿಂಗ್ಟನ್‌ಗೆ ಹೋಗಿ, ಮೊದಲೇ ತಿಳಿಸಿ ನೋಡಬೇಕು. ಪದವಿಯ ಅರ್ಜಿಗೆ ಮುಂಚೆ ಲಿಂಕ್ ತೋರಿಸುವ ಆಸೆಯಿಟ್ಟುಕೊಂಡವರಿಗೆ ನಿರಾಶೆಯಾದೀತು. ನನ್ನ ಮಟ್ಟಿಗೆ ಹೆಚ್ಚು ನೋವಿನ ಕೊರತೆ ಇನ್ನೊಂದು: ಸೈನಿಕರ ಕುಟುಂಬಕ್ಕೆ ಇಲ್ಲಿ ಜಾಗ ಕಡಿಮೆ. 2016ರ ಗೋಲ್ಡ್ ಸ್ಟಾರ್ ಫ್ಯಾಮಿಲೀಸ್ ವಾಯ್ಸಸ್ ಕಾಯ್ದೆಯಿಂದ, ಸೇವೆಯಲ್ಲಿ ಮಡಿದವರ ತಂದೆತಾಯಿ, ಗಂಡ ಹೆಂಡತಿ, ಒಡಹುಟ್ಟಿದವರು, ಮಕ್ಕಳು ಹದಿನೆಂಟು ದಾಟಿದ್ದರೆ ಮಾತಾಡಬಹುದು. ಅದು ಒಳ್ಳೆಯ ತಿದ್ದುಪಡಿ. ಆದರೆ ಗಂಡ ದೂರದಲ್ಲಿದ್ದಾಗ ವರ್ಷಗಟ್ಟಲೆ ಮನೆ ನಡೆಸಿದ ಹೆಂಡತಿ, ಎರಡು ಮೂರು ವರ್ಷಕ್ಕೊಮ್ಮೆ ಶಾಲೆ ಬದಲಿಸಿದ ಮಗು, ಅವರ ಮಾತು ಈ ಯೋಜನೆಗೆ ಸೇರುವುದಿಲ್ಲ. ಅವರಿಗಾಗಿ ಸ್ಟೋರಿಕಾರ್ಪ್ಸ್ ಸಂಸ್ಥೆಯ ಮಿಲಿಟರಿ ವಾಯ್ಸಸ್ ಯೋಜನೆ ಇದೆ, ಅಲ್ಲಿ ಸೈನಿಕರ ಜೊತೆ ಕುಟುಂಬದವರೂ ಮಾತಾಡುತ್ತಾರೆ. ಹತ್ತನೇ ತರಗತಿಗೆ ಬಾರದ ತಮ್ಮ ತಂಗಿಯರು ಫೋಟೋ ಪಟ್ಟಿ ಮಾಡಲು, ಸ್ಕ್ಯಾನ್ ಮಾಡಲು ನೆರವಾಗಲಿ.

ಒಂದು ಸಂದರ್ಶನಕ್ಕೆ ಎಲ್ಲ ಸೇರಿ ಒಬ್ಬೊಬ್ಬರಿಗೆ ಎಂಟು ಹತ್ತು ಗಂಟೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಎರಡು ಚೆನ್ನಾಗಿ ಮಾಡಿದರೆ ಸಾಕು, ಹತ್ತು ಅರೆಬರೆ ಬೇಡ. ನವೆಂಬರಿನಲ್ಲಿ ಎಲ್ಲ ಶಾಲೆಗಳೂ ಇದೇ ಹಿರಿಯರ ಬಾಗಿಲು ತಟ್ಟುತ್ತವೆ, ಜನವರಿ ಫೆಬ್ರವರಿಯಲ್ಲಿ ಯಾರೂ ಬರುವುದಿಲ್ಲ. ಆಗ ಹೋಗಿ. ರೆಕಾರ್ಡಿಂಗಿನ ಪೂರ್ತಿ ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ, ಮೇಲೆ ಹೆಸರು ದಿನಾಂಕ ಬರೆದು, ಲೈಬ್ರರಿಗೆ ಕಳಿಸುವ ಮುಂಚೆಯೇ ಅವರ ಮನೆಗೆ ಕೊಟ್ಟುಬನ್ನಿ. ಅಂಚೆಯಲ್ಲಿ ಕಳಿಸಬೇಡಿ, ಮಕ್ಕಳೇ ಹೋಗಿ ಕೈಗೆ ಕೊಡಲಿ.