ಸ್ಯಾಂಪಲ್ ಬೋರ್ಡಿನಲ್ಲಿ ಸೀಳು ಇತ್ತು, ಬಲ್ಕ್‌ನಲ್ಲಿ ಇಲ್ಲ! ಗ್ರೈಂಡರ್, ಮಿಕ್ಸಿ ಮಾಡುವವರು ದಯವಿಟ್ಟು ಓದಿ

ಮೂರು ದಿನದಿಂದ ಸರಿಯಾಗಿ ನಿದ್ದೆ ಇಲ್ಲ. ಬರೆಯೋಕೇ ನಾಚಿಕೆ ಆಗ್ತಿದೆ. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವನು, ಹನ್ನೊಂದು ವರ್ಷ ಪೀಣ್ಯದಲ್ಲಿ ಕೆಲಸ ಮಾಡಿದವನು. ಆದರೂ ಕಣ್ಣೆದುರಿಗೇ ಇದ್ದ ಮೋಸ ಕಾಣಲಿಲ್ಲ.

ನಮ್ಮದು ಚಿಕ್ಕ ಶೆಡ್ಡು. ಟೇಬಲ್ ಟಾಪ್ ಗ್ರೈಂಡರ್ ಜೋಡಿಸಿ ಮಾರುತ್ತೇವೆ. ಈ ಸಲ ಟೈಮರ್ ಬೋರ್ಡ್ ಹಾಕೋಣ ಅಂತ ಎಸ್.ಪಿ. ರೋಡ್ ಕಡೆಯ ಒಬ್ಬ ಸಪ್ಲೈಯರ್ ಹತ್ತಿರ ಹೋದೆ. ಎರಡು ಸ್ಯಾಂಪಲ್ ಕೊಟ್ಟರು, ತುಂಬಾ ಚೆನ್ನಾಗಿದ್ದವು. 200 ಬೋರ್ಡು, ಒಂದಕ್ಕೆ 260 ರೂಪಾಯಿ, ಅರ್ಧ ಅಡ್ವಾನ್ಸ್. ಮಾಲು ಬಂದ ದಿನವೇ ಉಳಿದ ದುಡ್ಡೂ ಹಾಕಿಬಿಟ್ಟೆ. ಮೇಲಿನ ನಾಲ್ಕು ಬೋರ್ಡು ತೆಗೆದು ಕರೆಂಟ್ ಕೊಟ್ಟು ನೋಡಿದೆ. ಡಿಸ್‌ಪ್ಲೇ ಬಂತು, ಟೈಮರ್ ಓಡಿತು. 2500 ವೋಲ್ಟ್ ಹೈಪಾಟ್ ಟೆಸ್ಟನ್ನೂ (ಹೆಚ್ಚು ವೋಲ್ಟೇಜ್ ಕೊಟ್ಟು ಇನ್ಸುಲೇಷನ್ ತಡೆಯುತ್ತಾ ಅಂತ ನೋಡೋದು) ಒಂದು ಸೆಕೆಂಡ್ ಮಾಡಿದೆ, ಪಾಸ್. 31 ಗ್ರೈಂಡರ್ ಮಾರಿದೆವು.

ಅದರಲ್ಲಿ ಒಂದು ಹನುಮಂತನಗರದಲ್ಲಿರುವ ನನ್ನ ಅಕ್ಕನ ಮನೆಗೆ ಹೋಗಿತ್ತು.

ಹೋದ ಭಾನುವಾರ ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು. "ಲೋ, ಪ್ಯಾನಲ್ ಹತ್ತಿರದ ಸ್ಕ್ರೂ ಮುಟ್ಟಿದ್ರೆ ಕೈಗೆ ಚುರ್ ಅಂತು ಕಣೋ, ಅಷ್ಟರಲ್ಲಿ ಮನೆ ಕರೆಂಟೇ ಹೋಯ್ತು" ಅಂದಳು. ನನ್ನ ಎದೆ ಧಸಕ್ ಅಂತು. ಅವರ ಮನೆಯಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನ್ ಕಟ್ ಮಾಡುವ ಸ್ವಿಚ್) ಇದೆ, ಅದು ಟ್ರಿಪ್ ಆಗಿತ್ತು. ಅದಿಲ್ಲದ ಮನೆಗಳು ಎಷ್ಟಿವೆ ಅಂತ ನಿಮಗೇ ಗೊತ್ತು.

ಗ್ರೈಂಡರ್ ತಂದು ಬಿಚ್ಚಿದೆ. ಬೋರ್ಡಿನ ಮೇಲೆ ಹಿಟ್ಟಿನ ನೀರು ಒಣಗಿ ಬಿಳಿ ಪದರ ಆಗಿತ್ತು. ಆಪ್ಟೊಕಪ್ಲರ್ (230 ವೋಲ್ಟ್ ಕಡೆಯನ್ನೂ 5 ವೋಲ್ಟ್ ಕಡೆಯನ್ನೂ ಬೇರೆ ಇಟ್ಟು, ಬೆಳಕಿನಿಂದಲೇ ಸಿಗ್ನಲ್ ದಾಟಿಸುವ ಚಿಪ್) ಕೆಳಗೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ. 230 ವೋಲ್ಟ್ ಕಡೆಯಿಂದ 5 ವೋಲ್ಟ್ ಕಡೆಗೆ ಕರೆಂಟು ಸುಟ್ಟುಕೊಂಡು ದಾರಿ ಮಾಡಿಕೊಂಡಿತ್ತು. ಆ 5 ವೋಲ್ಟ್ ಗ್ರೌಂಡೇ ಪ್ಯಾನಲ್ ಸ್ಕ್ರೂಗೆ ಬಂದು ಸೇರುತ್ತದೆ.

ಹಳೆ ಸ್ಯಾಂಪಲ್ ಒಂದು ಡ್ರಾಯರಿನಲ್ಲಿತ್ತು. ಎರಡನ್ನೂ ಟ್ಯೂಬ್‌ಲೈಟಿಗೆ ಹಿಡಿದೆ. ಸ್ಯಾಂಪಲ್ಲಿನಲ್ಲಿ ಆಪ್ಟೊ ಕೆಳಗೆ ಕೊರೆದ ಸೀಳಿನಿಂದ ಬೆಳಕು ಗೆರೆಯ ಹಾಗೆ ಬರುತ್ತಿತ್ತು. ಬಲ್ಕ್ ಬೋರ್ಡಿನಲ್ಲಿ ಬೆಳಕೇ ಇಲ್ಲ. ಸೀಳೇ ಇಲ್ಲ! ಬೋರ್ಡಿನ ಅಗಲ ಕಡಿಮೆ ಮಾಡೋಕೆ ಗ್ರೌಂಡ್ ತಾಮ್ರವನ್ನೂ ಆಪ್ಟೊ ಕೆಳಗೇ ತಂದಿದ್ದರು. ಎರಡೂ ಕಡೆಯ ತಾಮ್ರದ ನಡುವಿನ ದೂರವನ್ನು ವರ್ನಿಯರ್ ಕ್ಯಾಲಿಪರ್ ಇಟ್ಟು ಅಳೆದೆ, 2.8 ಮಿ.ಮೀ. ನಂಬಿಕೆ ಬರದೆ ಮತ್ತೆ ಅಳೆದೆ. ಅಷ್ಟೇ, 2.8.

ಎಷ್ಟಿರಬೇಕಿತ್ತು ಗೊತ್ತಾ? ಮನೆಬಳಕೆಯ ವಿದ್ಯುತ್ ಉಪಕರಣಗಳ ಸುರಕ್ಷತಾ ಮಾನದಂಡಗಳಾದ ನಮ್ಮ ಐಎಸ್ 302, ಅದರ ಅಂತರರಾಷ್ಟ್ರೀಯ ಮೂಲವಾದ ಐಇಸಿ 60335-1 ಎರಡು ದೂರ ಕೇಳುತ್ತವೆ. ಗಾಳಿಯಲ್ಲಿ ನೇರವಾಗಿ ಅಳೆಯುವುದು ಕ್ಲಿಯರೆನ್ಸ್. ಬೋರ್ಡಿನ ಮೈಮೇಲೆ ತೆವಳಿಕೊಂಡು ಹೋಗುವ ದೂರ ಕ್ರೀಪೇಜ್. ಮನೆ ಕರೆಂಟಿನ ಕಡೆಗೂ ಜನ ಮುಟ್ಟುವ ಕಡೆಗೂ ನಡುವೆ ಕ್ಲಿಯರೆನ್ಸ್ 3 ಮಿ.ಮೀ. ಬೇಕು. ಹಿಟ್ಟು, ನೀರಿನ ಪಸೆ ಬೀಳುವ ಜಾಗದಲ್ಲಿ ಮಾಮೂಲಿ ಎಫ್‌ಆರ್-4 (ಗಾಜಿನ ನಾರಿನ) ಬೋರ್ಡಿಗೆ ಕ್ರೀಪೇಜ್ 8 ಮಿ.ಮೀ. ಬೇಕು. ಮಾಮೂಲಿ ಆಪ್ಟೊ ಕಾಲುಗಳ ನಡುವೆಯೇ 7.62 ಮಿ.ಮೀ. ಇರೋದು, ಕಾಲು ಬೆಸೆಯುವ ತಾಮ್ರದ ಪ್ಯಾಡ್ ಕಳೆದರೆ ಇನ್ನೂ ಕಡಿಮೆ. ಅದಕ್ಕೇ ಸೀಳು ಕೊರೆಯುವುದು. ಕರೆಂಟು ಸುತ್ತಿಕೊಂಡು ಹೋಗಲಿ ಅಂತ. ಸೀಳು ಕೂಡ ಒಂದೂವರೆ ಮಿ.ಮೀ. ಅಗಲ ಇರಬೇಕು, ಕೂದಲಂಥ ಗೀರು ಲೆಕ್ಕಕ್ಕಿಲ್ಲ.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಬಲ್ಕ್ ಬೋರ್ಡನ್ನು ತಿರುಗಿಸಿ ನೋಡಲಿಲ್ಲ. ಹೈಪಾಟ್ ಪಾಸ್ ಆಯ್ತಲ್ಲ ಅಂತ ಸುಮ್ಮನಾದೆ. ಹೊಸ, ಒಣ ಬೋರ್ಡು ಪಾಸ್ ಆಗೇ ಆಗುತ್ತದೆ. ಅದರ ಮೇಲೆ ನಾಲ್ಕು ತಿಂಗಳು ಹಿಟ್ಟು ಕೂರಲಿ, ಒಂದು ಮಳೆಗಾಲದ ಥಂಡಿ ಹಿಡಿಯಲಿ, ಆಮೇಲೆ ನೋಡಿ.

ಸಪ್ಲೈಯರ್‌ಗೆ ಎರಡೂ ಬೋರ್ಡಿನ ಫೋಟೊ ಕಳಿಸಿದೆ. ಮೊದಲ ಉತ್ತರ: "ಸಾರ್, ಬೋರ್ಡ್ ವರ್ಕ್ ಆಗ್ತಿದೆ ಅಲ್ವಾ?"

ಫೋನ್ ಮಾಡಿದೆ. "ಮೇಲೆ ಹಸಿರು ಮಾಸ್ಕ್ ಇದೆಯಲ್ಲ ಸಾರ್, ಅದೇ ಇನ್ಸುಲೇಷನ್" ಅಂದರು. ಅಲ್ಲ ಸ್ವಾಮಿ! ಸೋಲ್ಡರ್ ಮಾಸ್ಕನ್ನು, ಅಂದರೆ ಆ ಹಸಿರು ಲೇಪನವನ್ನು, ನಂಬಿ ದೂರ ಕಡಿಮೆ ಮಾಡೋ ಹಾಗಿಲ್ಲ. ಆಮೇಲೆ, "ಸೀಳು ಕೊರೆಯೋಕೆ ರೂಟಿಂಗ್ ಚಾರ್ಜ್ ಆಗುತ್ತೆ, ನಿಮ್ಮ ರೇಟಿಗೆ ಅದೆಲ್ಲ ಬರಲ್ಲ" ಅಂದರು. ಹಾಗಾದರೆ ಸ್ಯಾಂಪಲ್ಲಿಗೆ ಯಾಕೆ ಕೊರೆದಿರಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಹೇಳಿದ್ದು ಇದು: "ನಿಮ್ಮ ಪಿಒನಲ್ಲಿ (ಆರ್ಡರ್ ಪತ್ರದಲ್ಲಿ) ಸೀಳು ಅಂತ ಎಲ್ಲಿ ಬರೆದಿದ್ದೀರಿ ತೋರಿಸಿ ಸಾರ್."

ಬರೆದಿರಲಿಲ್ಲ. ಸೈಜು, ವೋಲ್ಟೇಜು, ರೇಟು ಅಷ್ಟೇ ಬರೆದಿದ್ದೆ. ಆ ಮಾತು ಇನ್ನೂ ಕಿವಿಯಲ್ಲೇ ಇದೆ. "ನಮ್ಮಕ್ಕನಿಗೆ ಶಾಕ್ ಹೊಡೆದಿದೆ" ಅಂದರೆ "ಅರ್ಥಿಂಗ್ ಚೆಕ್ ಮಾಡಿಸಿ" ಅಂದರು. ಹೊಟ್ಟೆ ಉರಿದುಹೋಯಿತು. ಈಗ ನನ್ನ ನಂಬರ್ ಬ್ಲಾಕ್ ಆಗಿದೆ.

ನೀವು ಆರ್ಡರ್ ಕೊಡುವಾಗ ಕ್ರೀಪೇಜ್ 8, ಕ್ಲಿಯರೆನ್ಸ್ 3, ಆಪ್ಟೊ ಕೆಳಗೆ ಸೀಳು ಅಂತ ಪಿಒನಲ್ಲೇ ಬರೆಸಿ. ಒಪ್ಪಿದ ಸ್ಯಾಂಪಲ್ಲಿನ ಮೇಲೆ ಅವರ ಸಹಿ ಹಾಕಿಸಿಕೊಂಡು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಮಾಲು ಬಂದ ತಕ್ಷಣ ದುಡ್ಡು ಕೊಡಬೇಡಿ. ಮೊದಲು ಟ್ಯೂಬ್‌ಲೈಟಿಗೆ ಹಿಡಿದು ನೋಡಿ, ವರ್ನಿಯರ್ ಇಡಿ. ನಗುನಗುತ್ತಾ ಮಾತಾಡಿ ಟೀ ಕುಡಿಸಿದರು ಅಂತ ನಂಬಬೇಡಿ. ನನಗೂ ಕುಡಿಸಿದ್ದರು.

52,000 ರೂಪಾಯಿ ಹೋಯಿತು, ಹೋಗಲಿ. ಮಾರಿದ 31ರಲ್ಲಿ 27 ಗ್ರೈಂಡರ್ ವಾಪಸ್ ತಂದಿದ್ದೇನೆ. ನಾಲ್ಕು ಬಾಕಿ. ಅದರಲ್ಲಿ ಎರಡು ಕನಕಪುರದಲ್ಲಿವೆ, ಅವರು ಫೋನ್ ಎತ್ತುತ್ತಿಲ್ಲ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗುತ್ತಿದ್ದೇನೆ.