ಫಿಟ್ಸ್‌ಗೆ ಇಂಜೆಕ್ಷನ್ ಕೊಡುವಾಗ ಪಕ್ಕದ ಮಾನಿಟರ್ ಆನ್ ಇದೆಯಾ ನೋಡಿ

ದಾವಣಗೆರೆ, ಚಿತ್ರದುರ್ಗ, ಜಗಳೂರು, ಹೊಳಲ್ಕೆರೆ ಕಡೆ ಯಾರ ಮನೆಯಲ್ಲಾದರೂ ಫಿಟ್ಸ್ ಇರುವವರಿದ್ದರೆ ದಯವಿಟ್ಟು ಪೂರ್ತಿ ಓದಿ. ನನ್ನ ತಮ್ಮನ ಬಲಗೈಗೆ ಆಗಿದ್ದು ಇನ್ಯಾರಿಗೂ ಆಗಬಾರದು. ಆಸ್ಪತ್ರೆ ಹೆಸರು ಹಾಕುತ್ತಿಲ್ಲ, ದೂರು ಕೊಡುವ ತಯಾರಿ ನಡೆದಿದೆ. ದಾವಣಗೆರೆಯದ್ದೇ ಒಂದು ನರ್ಸಿಂಗ್ ಹೋಮ್, ಅಷ್ಟು ಸಾಕು.

ತಮ್ಮನಿಗೆ ಚಿಕ್ಕಂದಿನಿಂದ ಫಿಟ್ಸ್ ಇದೆ. ಮಾತ್ರೆಯಿಂದ ಹತೋಟಿಯಲ್ಲಿತ್ತು. ಅವತ್ತು ಜ್ವರ ಏರಿ, ರಾತ್ರಿ ಒಂದರ ಹಿಂದೆ ಒಂದು ಬಂತು, ನಡುವೆ ಎಚ್ಚರವೇ ಆಗಲಿಲ್ಲ. 5 ನಿಮಿಷ ದಾಟಿದರೆ ಮನೆಯಲ್ಲಿ ಕಾಯಬಾರದು. ಓಣಿಯವರು ಕೈಗೆ ಕಬ್ಬಿಣ ಕೊಡಿ, ಈರುಳ್ಳಿ ಮೂಸಿಸಿ ಅನ್ನುತ್ತಲೇ ಇದ್ದರು. ನಾವು ಕಾರಿಗೆ ಹಾಕಿಕೊಂಡು ಹೊರಟೆವು. ಅಲ್ಲಿ ಮೊದಲು ಲೋರಾಜೆಪಾಮ್ ಕೊಟ್ಟರು, ಫಿಟ್ಸ್ ನಿಂತಿತು. ಇಲ್ಲಿಯವರೆಗೆ ನನ್ನದೇನೂ ತಕರಾರಿಲ್ಲ.

ಆಮೇಲೆ ಮತ್ತೆ ಬರದಿರಲಿ ಅಂತ ಫೆನಿಟಾಯಿನ್ ಇಂಜೆಕ್ಷನ್ ಬರೆದರು. ಬರೆದ ಡ್ಯೂಟಿ ಡಾಕ್ಟರ್ ಒಳಗೆ ಹೋದರು. ಸಿಸ್ಟರ್ ಒಬ್ಬರೇ. ಮುಂಗೈ ಹಿಂಭಾಗದ ಸಣ್ಣ ನರಕ್ಕೆ ಸೂಜಿ ಹಾಕಿದ್ದರು, ಡ್ರಿಪ್ಸ್ ಹನಿಯುತ್ತಿತ್ತು. ಆ ಡ್ರಿಪ್ಸ್ ನಳಿಕೆಗೇ ಸಿರಿಂಜ್ ಸಿಕ್ಕಿಸಿ ಒತ್ತಿದರು. ಒಂದು ಖಾಲಿ, ತಕ್ಷಣ ಇನ್ನೊಂದು. ನಳಿಕೆ ಒಳಗೆ ಬೆಳ್ಳಗೆ ಮಸುಕಾಗಿದ್ದು ನನ್ನ ಕಣ್ಣಿಗೇ ಬಿತ್ತು. ಅರೆ ಎಚ್ಚರದಲ್ಲಿದ್ದ ತಮ್ಮ "ಉರಿ, ಉರಿ" ಅಂತ ಕೈ ಎಳೆದುಕೊಂಡ. ನಾನು ಕೇಳಿದೆ, ಸ್ವಲ್ಪ ನಿಧಾನ ಕೊಡಬಹುದಲ್ವಾ ಅಂತ. "ಈ ಇಂಜೆಕ್ಷನ್ ಹಂಗೇ ರೀ, ಉರಿಯುತ್ತೆ. ನೀವು ಹೊರಗೆ ನಿಲ್ಲಿ" ಅಂದರು. ಕೆಳಗೆ ಅಡ್ವಾನ್ಸ್ ಕಟ್ಟಲು ಹೋಗಿದ್ದ ತಮ್ಮನ ಹೆಂಡತಿ ರಸೀದಿ ಹಿಡಿದು ಮೇಲೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನು ಬೆವತು ತಣ್ಣಗಾಗಿದ್ದ. ಆಗ ಬಿಪಿ ಮೆಷಿನ್ ಹುಡುಕಿಕೊಂಡು ಬಂದರು. ಆಗ!

ಬೆಳಗ್ಗೆ ನೋಡಿದರೆ ಬೆರಳಿನಿಂದ ಮಣಿಕಟ್ಟಿನ ಮೇಲಿನವರೆಗೆ ಕೈ ನೇರಳೆ ಹಣ್ಣಿನ ಬಣ್ಣ. ಊದಿಕೊಂಡು ಉಂಗುರ ಮಾಂಸದೊಳಗೆ ಹೂತಿತ್ತು, ಕತ್ತರಿಸಿ ತೆಗೆಯಬೇಕಾಯಿತು. ಅವರು ಹೇಳಿದ್ದು, "ಸೂಜಿ ಹಾಕಿದ ಕಡೆ ಊತ ಬರೋದು ಕಾಮನ್. ಅವರೇ ಕೈ ಎಳೆದಾಡಿದರಲ್ಲ."

ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿನ ನರರೋಗ ತಜ್ಞರು ಕೈ ನೋಡಿದ ಕೂಡಲೇ ಕೇಳಿದ್ದು, "ಫೆನಿಟಾಯಿನ್ ಕೊಟ್ಟರಾ? ಎಷ್ಟು ಹೊತ್ತಿನಲ್ಲಿ ಕೊಟ್ಟರು?" ಇದಕ್ಕೆ ಪರ್ಪಲ್ ಗ್ಲೋವ್ ಸಿಂಡ್ರೋಮ್ ಅಂತ ಹೆಸರೇ ಇದೆಯಂತೆ. ಈ ಔಷಧಿ ತುಂಬಾ ಕ್ಷಾರ, ನರದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸವನ್ನೇ ಸುಡುತ್ತದೆ. ಅದಕ್ಕೇ ದೊಡ್ಡ ನರಕ್ಕೆ ಕೊಡಬೇಕು, ಕೊಡುವ ಮೊದಲು ಮತ್ತು ಆದ ಮೇಲೆ ಸಲೈನ್ ಬಿಟ್ಟು ನರ ಸರಿ ಇದೆಯಾ ನೋಡಬೇಕು. ಬೆರೆಸುವುದಿದ್ದರೆ ನಾರ್ಮಲ್ ಸಲೈನ್‌ನಲ್ಲಿ ಮಾತ್ರ. ಗ್ಲುಕೋಸ್ ಇರುವ ಡ್ರಿಪ್ಸ್ ಜೊತೆ ಸೇರಿದರೆ ಔಷಧಿ ಹರಳುಗಟ್ಟುತ್ತದೆ. ನಳಿಕೆಯಲ್ಲಿ ನಾನು ನೋಡಿದ ಬಿಳುಪು ಅದೇ.

ಇನ್ನು ವೇಗ. ದೊಡ್ಡವರಿಗೆ ನಿಮಿಷಕ್ಕೆ 50 ಮಿಲಿಗ್ರಾಂ ಮೀರಬಾರದು. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ ಇನ್ನೂ ನಿಧಾನ. ಮಕ್ಕಳಿಗೆ ತೂಕ ನೋಡಿ ಬೇರೆಯೇ ಲೆಕ್ಕ. ಮೊದಲ ಡೋಸ್ ಸಾಮಾನ್ಯವಾಗಿ ಕೆಜಿಗೆ 15ರಿಂದ 20 ಮಿಲಿಗ್ರಾಂ. 60 ಕೆಜಿ ಮನುಷ್ಯನಿಗೆ ಕೆಜಿಗೆ 20ರಂತೆ 1200 ಮಿಲಿಗ್ರಾಂ ಆಯಿತು. ಅಂದರೆ ಕಡಿಮೆ ಅಂದರೂ 24 ನಿಮಿಷ ಹಿಡಿಯಬೇಕು. ಜೋರಾಗಿ ಒತ್ತಿದರೆ ಬಿಪಿ ಕುಸಿಯುತ್ತದೆ, ಎದೆಬಡಿತ ಏರುಪೇರಾಗುತ್ತದೆ, ಹೃದಯ ನಿಂತೂ ಹೋಗಬಹುದು. ಇದು ಗುಟ್ಟಲ್ಲ ರೀ, ಔಷಧಿಯ ಮಾಹಿತಿ ಚೀಟಿಯಲ್ಲೇ ಎಚ್ಚರಿಕೆ ಇದೆ. ಕೊಡುವಷ್ಟು ಹೊತ್ತೂ, ಆಮೇಲೂ ಇಸಿಜಿ, ಬಿಪಿ ನೋಡುತ್ತಿರಬೇಕು. ಫಿಟ್ಸ್ ಆಗಲೇ ನಿಂತಿತ್ತಲ್ಲ, ಅಷ್ಟು ಅವಸರ ಯಾಕಿತ್ತು?

ನನ್ನ ಹೊಟ್ಟೆ ಉರಿದಿದ್ದು ಮೊದಲ ಆಸ್ಪತ್ರೆಯ ಬಿಲ್ ಬಿಡಿಸಿ ನೋಡಿದಾಗ. "ಕಾರ್ಡಿಯಾಕ್ ಮಾನಿಟರಿಂಗ್", ಅಂದರೆ ಎದೆಬಡಿತ ನೋಡಿದ್ದಕ್ಕೆ ಅಂತ ಒಂದು ಸಾಲು, ಅದಕ್ಕೆ ಬೇರೆ ಚಾರ್ಜು. ಡಿಸ್ಚಾರ್ಜ್ ಚೀಟಿಯಲ್ಲಿ "ಸಲೈನ್‌ನಲ್ಲಿ, ನಿಧಾನವಾಗಿ, ಮಾನಿಟರ್ ಇಟ್ಟು ಕೊಡಲಾಗಿದೆ" ಅಂತ ನೀಟಾಗಿ ಬರೆದಿದ್ದಾರೆ. ಪಕ್ಕದಲ್ಲೇ ಮಾನಿಟರ್ ಇತ್ತು, ನಿಜ. ಪರದೆ ಕಪ್ಪಗಿತ್ತು, ವೈರ್‌ಗಳು ಸ್ಟ್ಯಾಂಡಿಗೆ ಸುತ್ತಿಕೊಂಡು ನೇತಾಡುತ್ತಿದ್ದವು. ಅವನ ಎದೆಗೆ ಒಂದೂ ಅಂಟಿಸಿರಲಿಲ್ಲ. ನಡೆಯದೇ ಇರುವುದಕ್ಕೆ ದುಡ್ಡು ಕಟ್ಟಿಸಿಕೊಂಡು ಕೈಯಲ್ಲಿ ರಸೀದಿ ಕೊಟ್ಟು ಕಳಿಸಿದ್ದರು. ಕೌಂಟರ್ ಮುಂದೆ ನಿಂತು ಅದನ್ನು ಓದುವಾಗ ಮುಖಕ್ಕೆ ಹೊಡೆದ ಹಾಗಾಯಿತು. ಇಷ್ಟು ಸುಲಭವಾಗಿ ನಮ್ಮನ್ನು ಮೂರ್ಖರನ್ನಾಗಿ ಮಾಡಬಹುದಾ?

ಊರಲ್ಲಿ ಅಮ್ಮ ಗಾಬರಿಯಾಗಿದ್ದರು ಅಂತ ತಮ್ಮನ ಹೆಂಡತಿ "ಫಿಟ್ಸ್ ನಿಂತಿದೆ ನೋಡಿ" ಅಂತ ಒಂದು ಫೋಟೋ ಕಳಿಸಿದ್ದಳು. ಇಂಜೆಕ್ಷನ್ ಮುಗಿದ ಕೂಡಲೇ ತೆಗೆದದ್ದು. ಅದರಲ್ಲಿ ಕಪ್ಪು ಪರದೆ ಇದೆ, ಬಾಟಲಿ ಮೇಲೆ ಡೆಕ್ಸ್‌ಟ್ರೋಸ್ ಅಂತ ಓದಲು ಬರುತ್ತದೆ. ಡೆಕ್ಸ್‌ಟ್ರೋಸ್ ಅಂದರೆ ಗ್ಲುಕೋಸೇ. ಆ ಫೋಟೋವನ್ನು ಮೊದಲ ಆಸ್ಪತ್ರೆಯವರಿಗೆ ತೋರಿಸಿದೆ. ಬಂದ ಉತ್ತರ: "ಒಳಗೆ ಫೋಟೋ ತೆಗೆಯಲು ನಿಮಗೆ ಪರ್ಮಿಷನ್ ಕೊಟ್ಟವರು ಯಾರು?" ಕೈ ಬಗ್ಗೆ ಒಂದು ಮಾತಿಲ್ಲ. ಆಮೇಲೆ "ಗೂಗಲ್ ಓದಿಕೊಂಡು ಡಾಕ್ಟರಿಗೆ ಹೇಳಲು ಬರಬೇಡಿ." ಆಮೇಲೆ "ಕನ್ಸೆಂಟ್‌ಗೆ ನಿಮ್ಮವರದ್ದೇ ಸಹಿ ಇದೆ." ಕೊನೆಗೆ "ಜೀವ ಉಳಿಸಿದ್ದೇವಲ್ಲ, ಇನ್ನೇನು ಬೇಕು?" ಜೀವ ಉಳಿಸಿದ್ದಕ್ಕೆ ಕೈ ಮುಗಿಯುತ್ತೇನೆ. ಸುಳ್ಳು ಬರೆದದ್ದಕ್ಕೆ?

ಇದನ್ನು ಓದಿ ಇಂಜೆಕ್ಷನ್ನೇ ಬೇಡ ಅನ್ನಬೇಡಿ. ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ಫೆನಿಟಾಯಿನ್ 1938ರಿಂದ ಬಳಕೆಯಲ್ಲಿರುವ ಔಷಧಿ, ಸರಿಯಾಗಿ ಕೊಟ್ಟರೆ ಕೆಲಸ ಮಾಡುತ್ತದೆ. ತಮ್ಮನಿಗೆ ಈಗ ಲೆವೆಟಿರಾಸೆಟಾಮ್ ಅನ್ನುವ ಬೇರೆ ಫಿಟ್ಸ್ ಔಷಧಿಗೆ ಬದಲಿಸಿದ್ದಾರೆ. ಫಾಸ್‌ಫೆನಿಟಾಯಿನ್ ಅಂತಲೂ ಇದೆ, ನರಕ್ಕೆ ಅಷ್ಟು ಉರಿಯಲ್ಲ, ಆದರೆ ಅದಕ್ಕೂ ವೇಗದ ಮಿತಿ, ಮಾನಿಟರ್ ಬೇಕೇ ಬೇಕು. ನೀವು ಮಾಡಬೇಕಾದದ್ದು ಇಷ್ಟೇ: ಯಾವ ಔಷಧಿ, ಎಷ್ಟು ನಿಮಿಷದಲ್ಲಿ ಕೊಡುತ್ತೀರಿ ಅಂತ ಬಾಯಿಬಿಟ್ಟು ಕೇಳಿ. ಪರದೆ ಮೇಲೆ ಗೆರೆ ಓಡುತ್ತಿದೆಯಾ ನೋಡಿ. ರೋಗಿ ಉರಿ ಅಂದರೆ ಅಲ್ಲೇ ನಿಲ್ಲಿಸಿ, ಸೂಜಿ ನೋಡಿ ಅಂತ ಹೇಳಿ. ಹೊರಗೆ ನಿಲ್ಲಿ ಅಂದರೆ ಬಾಗಿಲಲ್ಲೇ ನಿಲ್ಲಿ.

ಔಷಧಿಯಿಂದ ತೊಂದರೆಯಾದರೆ ಸರ್ಕಾರದ ಸಹಾಯವಾಣಿ 1800-180-3024ಕ್ಕೆ ನಾವೇ ಫೋನ್ ಮಾಡಿ ತಿಳಿಸಬಹುದು. ಕೇಸ್ ಶೀಟ್ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ 2002ರ ನಿಯಮದಲ್ಲೇ ಇದೆ. ನಾನು ಬರೆದು ಕೇಳಿದ್ದೇನೆ, ಇನ್ನೂ ಕೊಟ್ಟಿಲ್ಲ. "ಕೂತು ಮಾತಾಡೋಣ ಬನ್ನಿ" ಅಂತ ಯಾರ್ಯಾರ ಕೈಲೋ ಫೋನ್ ಮಾಡಿಸುತ್ತಿದ್ದಾರೆ. ತಮ್ಮನಿಗೆ ಇವತ್ತಿಗೂ ಬಲಗೈ ಮುಷ್ಟಿ ಕಟ್ಟಲು ಬರುವುದಿಲ್ಲ. ನನಗೆ ಕೇಸ್ ಶೀಟ್ ಬೇಕು, ರಾಜಿ ಬೇಡ. ಅವರು ಕೊಟ್ಟರೂ ಕೊಡದಿದ್ದರೂ ಫೋಟೋ, ಬಿಲ್ಲು ಇಟ್ಟು ಖಾಸಗಿ ಆಸ್ಪತ್ರೆಗಳಿಗಿರುವ ಕೆಪಿಎಂಇ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಪ್ರಾಧಿಕಾರಕ್ಕೆ ದೂರು ಕೊಡುತ್ತೇನೆ.