ಗಾಂಧಿ ಬಜಾರಿಗೆ ಯಾವ ಸ್ಟೇಷನ್: ನ್ಯಾಷನಲ್ ಕಾಲೇಜಾ, ಲಾಲ್‌ಬಾಗಾ, ಸೌತ್ ಎಂಡಾ?

ಹಬ್ಬ ಬಂತೆಂದರೆ ನಮ್ಮಮ್ಮನಿಗೆ ಬಸವನಗುಡಿಯ ಗಾಂಧಿ ಬಜಾರಿನ ಹೂವೇ ಆಗಬೇಕು. ನಾವಿರುವುದು ಬೆಂಗಳೂರಿನ ರಾಜಾಜಿನಗರದಲ್ಲಿ. 2017ರ ಜೂನ್‌ನಲ್ಲಿ ಮೆಟ್ರೋ ಹಸಿರು ಮಾರ್ಗದ ರೈಲು ಮೆಜೆಸ್ಟಿಕ್ ದಾಟಿ ಬಸವನಗುಡಿ ಕಡೆಗೂ ಓಡಲು ಶುರುವಾದ ಮೇಲೆ ನಾವು ಬಸ್ಸು ಬಿಟ್ಟೆವು. ಆದರೆ ಗಾಂಧಿ ಬಜಾರ್ ಅಂತಲೇ ಒಂದು ಸ್ಟೇಷನ್ ಇಲ್ಲವಲ್ಲ. ಸುತ್ತಮುತ್ತ ಮೂರಿವೆ, ಮೂರರಿಂದಲೂ ನಡೆಯಲೇಬೇಕು. ಅಮ್ಮನ ಮಂಡಿನೋವು ಬೇರೆ. ಹಾಗಾಗಿ ಮೂರೂ ಕಡೆ ಇಳಿದು ನೋಡಿದೆವು.

ಮೊದಲು ಬರುವುದು ನ್ಯಾಷನಲ್ ಕಾಲೇಜ್. ಕೆ.ಆರ್. ಮಾರ್ಕೆಟ್‌ವರೆಗೂ ಸುರಂಗದಲ್ಲಿ ಬಂದ ರೈಲು ಇಲ್ಲಿಗೆ ಬರುವಾಗ ಮೇಲಕ್ಕೇರುತ್ತದೆ, ಕಿಟಕಿಯಲ್ಲಿ ಬಿಸಿಲು ಬಿದ್ದ ಕೂಡಲೇ ಅಮ್ಮ ಚೀಲ ಎತ್ತಿಕೊಳ್ಳುತ್ತಾಳೆ. ಇಳಿದು ವಾಣಿವಿಲಾಸ ರಸ್ತೆ ಹಿಡಿದು ಡಿವಿಜಿ ರಸ್ತೆ ಕಡೆಗೆ ತಿರುಗಬೇಕು. ನಾನೊಬ್ಬನೇ ಆದರೆ ಕಾಲು ಗಂಟೆ, ಅಮ್ಮನ ಜೊತೆ ಇಪ್ಪತ್ತೈದು ನಿಮಿಷ. ದೂರಕ್ಕಿಂತ ಕಷ್ಟ ಅಲ್ಲಿನ ಸರ್ಕಲ್ ದಾಟುವುದು. ಸಂಜೆ ಹೊತ್ತು ಗಾಡಿಗಳು ನಿಲ್ಲುವುದೇ ಇಲ್ಲ, ಅಮ್ಮ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾಳೆ. ಒಬ್ಬರೇ ಹೋಗುವವರಿಗೆ ಇದು ಚೆನ್ನಾಗಿದೆ, ವಾಪಸ್ ಬರುವಾಗ ವಿ.ವಿ. ಪುರಂ ತಿಂಡಿ ಬೀದಿಯೂ ಹತ್ತಿರ. ಅವರೆಕಾಯಿ ಕಾಲದಲ್ಲಂತೂ ನಾನು ಬೇರೆ ಕಡೆ ಇಳಿಯುವುದೇ ಇಲ್ಲ.

ಮುಂದಿನದು ಲಾಲ್‌ಬಾಗ್. ನಮಗೆ ಒಗ್ಗಿದ್ದು ಇದೇ. ನಡೆಯುವ ಹೊತ್ತು ಹೆಚ್ಚುಕಡಿಮೆ ಅಷ್ಟೇ, ಆದರೆ ದಾರಿ ಪೂರ್ತಿ ಬೇರೆ. ಕೃಷ್ಣರಾವ್ ಪಾರ್ಕ್ ಕಡೆಯಿಂದ ಹೋದರೆ ಮರದ ನೆರಳು ಸಿಗುತ್ತದೆ, ಗಲಾಟೆ ಕಡಿಮೆ, ಕಾಲು ಸೋತರೆ ಕೂರಲು ಜಾಗ ಉಂಟು. ವಯಸ್ಸಾದವರ ಜೊತೆ ಹೋಗುವವರಿಗೆ ಎರಡು ನಿಮಿಷ ಉಳಿಸುವುದಕ್ಕಿಂತ ಇದು ಮುಖ್ಯ ಅಲ್ವಾ? ಕಳೆದ ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ಚೀಲ ತುಂಬಾ ಹೂವು, ಬಾಳೆಕಂದು, ಮಾವಿನೆಲೆ ಹೊತ್ತು ವಾಪಸ್ ಬರುತ್ತಿದ್ದಾಗ ಅಮ್ಮ ಪಾರ್ಕಿನ ಬೆಂಚಿನ ಮೇಲೆ ಕೂತು, ಬಾಳೆಎಲೆ ಪೊಟ್ಟಣ ಬಿಚ್ಚಿ, ಬಾಟಲಿಯಿಂದ ನಾಲ್ಕು ಹನಿ ನೀರು ಚಿಮುಕಿಸಿ, "ಇನ್ನೂ ಮೊಗ್ಗಾಗೇ ಇದೆ ಕಣೋ" ಅಂದಳು. ನ್ಯಾಷನಲ್ ಕಾಲೇಜಿನ ಆ ಸರ್ಕಲ್‌ನಲ್ಲಿ ಹೀಗೆ ಕೂರುವುದು ಎಲ್ಲಿಂದ ಬಂತು.

ಸೌತ್ ಎಂಡ್ ಸರ್ಕಲ್‌ನಲ್ಲಿ ಒಂದೇ ಸಲ ಇಳಿದೆವು. ನಮಗೆ ದೂರ ಜಾಸ್ತಿ ಆಯಿತು, ಅಷ್ಟು ಹತ್ತಿರಕ್ಕೆ ಆಟೋದವರೂ ಬರಲಿಲ್ಲ. ಬನಶಂಕರಿ ಕಡೆಯಿಂದ ಬರುವವರೂ ಸುಮ್ನೆ ಇನ್ನೊಂದು ಸ್ಟೇಷನ್ ಮುಂದೆ ಹೋಗಿ ಲಾಲ್‌ಬಾಗಿನಲ್ಲೇ ಇಳಿಯಿರಿ.

ಒಂದು ಮಾತು. ಆಗಸ್ಟ್ 15, ಜನವರಿ 26ರ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಲಾಲ್‌ಬಾಗ್ ಸ್ಟೇಷನ್ ಬೇಡ, ಜನ ಕಿಕ್ಕಿರಿದಿರುತ್ತಾರೆ. ಆಗ ನಾವೂ ನ್ಯಾಷನಲ್ ಕಾಲೇಜಿನಲ್ಲೇ ಇಳಿಯುತ್ತೇವೆ. ಕಾರ್ತಿಕದ ಕೊನೆ ಸೋಮವಾರ ದೊಡ್ಡ ಬಸವಣ್ಣನ ಕಡಲೆಕಾಯಿ ಪರಿಷೆಗೂ ಅಲ್ಲೇ, ಆದರೆ ಬೆಳಿಗ್ಗೆ ಎಂಟರೊಳಗೆ. ಅವತ್ತು ಹೂವಿನ ಆಸೆ ಬಿಟ್ಟು ಬರೀ ಕಡಲೆಕಾಯಿ ತರುತ್ತೇವೆ.